ರೀಕಂಡೀಷನ್ ಸ್ಲೈಡಿಂಗ್ ಮೈಟರ್ ಸಾ: ಏಳು ವರ್ಷ ಬಳಸಿದ ಮೇಲೆ ಬರೆಯುತ್ತಿದ್ದೇನೆ

ಮೈಸೂರು_ಮರಗೆಲಸ

ಎಲ್ಲರಿಗೂ ನಮಸ್ಕಾರ. ಹೋದ ವಾರ ಇಲ್ಲಿ ಒಬ್ಬರು ಕೇಳಿದ್ದರು, "ರೀಕಂಡೀಷನ್ ಮೈಟರ್ ಸಾ ತಗೊಳ್ಳಬಹುದಾ, ದುಡ್ಡು ನೀರಲ್ಲಿ ಹೋಮ ಆಗುತ್ತಾ?" ಅಂತ. ಎರಡು ಸಾಲಿನಲ್ಲಿ ಉತ್ತರ ಬರೆದು ಸುಮ್ಮನಾಗಿದ್ದೆ. ಆಮೇಲೆ ಸಮಾಧಾನ ಆಗಲಿಲ್ಲ. ಕೂತು ಪೂರ್ತಿ ಬರೆಯುತ್ತಿದ್ದೇನೆ.

ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಇದ್ದಾಗ, 2017ರಲ್ಲಿ, 12 ಇಂಚಿನ ಸ್ಲೈಡಿಂಗ್ ಕಾಂಪೌಂಡ್ ಮೈಟರ್ ಸಾ ಕೊಂಡೆ. ಹೊಸದಲ್ಲ. ಗಿರಾಕಿ ವಾಪಸ್ ಕೊಟ್ಟದ್ದನ್ನು ಬಿಚ್ಚಿ ನೋಡಿ, ಕೆಟ್ಟದ್ದನ್ನು ಬದಲಿಸಿ, ಮತ್ತೆ ಪೆಟ್ಟಿಗೆಗೆ ಹಾಕಿ ಮಾರುವ ಮಾಲು. ಅಲ್ಲಿ ‘ಫ್ಯಾಕ್ಟರಿ ರೀಕಂಡೀಷನ್ಡ್’ ಅನ್ನುತ್ತಾರೆ. ಹೊಸದರ ಮುಕ್ಕಾಲು ಬೆಲೆಗೆ ಸಿಕ್ಕಿತು. 2019ರಲ್ಲಿ ಮೈಸೂರಿಗೆ ವಾಪಸ್ ಬರುವಾಗ ಮನೆ ಸಾಮಾನಿನ ಜೊತೆ ಹಡಗಿನಲ್ಲಿ ಹಾಕಿಸಿದೆ. ಈಗಲೂ ದಿನಾ ಓಡುತ್ತಿದೆ.

ಹೊಸಬರಿಗೆ ಒಂದು ಮಾತು. ಮೈಟರ್ ಸಾ ಅಂದರೆ ಹಲಗೆಯನ್ನು ಅಡ್ಡಕ್ಕೆ ಕೊಯ್ಯುವ ಯಂತ್ರ. ಕೆಳಗಿನ ಟೇಬಲ್ ತಿರುಗಿಸಿದರೆ ಓರೆ ಕೊಯ್ತ. ಮೋಟರ್, ಬ್ಲೇಡ್ ಇರುವ ಮೇಲಿನ ತಲೆಯನ್ನು ಪಕ್ಕಕ್ಕೆ ವಾಲಿಸಿದರೆ ಅಂಚು ಇಳಿಜಾರಾಗುತ್ತದೆ. ಎರಡೂ ಒಟ್ಟಿಗೆ ಆಗುವುದರಿಂದ ‘ಕಾಂಪೌಂಡ್’. ತಲೆ ರಾಡಿನ ಮೇಲೆ ಹಿಂದೆ ಮುಂದೆ ಜಾರುವುದರಿಂದ ‘ಸ್ಲೈಡಿಂಗ್’. ಜಾರದ 10 ಇಂಚಿನ ಸಾ ಸುಮಾರು 14 ಸೆಂಟಿಮೀಟರ್ ಅಗಲದ ಹಲಗೆ ಕೊಯ್ದರೆ, ಜಾರುವ 12 ಇಂಚಿನದು 35 ಸೆಂಟಿಮೀಟರ್ ಹತ್ತಿರ ಕೊಯ್ಯುತ್ತದೆ. ಮೆಟ್ಟಿಲ ಹಲಗೆ, ಕಪಾಟಿನ ಹಲಗೆ ಎಲ್ಲಾ ಒಂದೇ ಏಟಿಗೆ.

ಈಗ ನಿಜವಾದ ವಿಷಯ. ಪೆಟ್ಟಿಗೆ ತೆಗೆದ ದಿನ ನನ್ನ ಸಾ ನೋಡಲು ಫಳಫಳ ಅಂತಿತ್ತು. ಸ್ವಿಚ್ ಹೊಸದು, ತಿರುಗುವ ಮೋಟರಿಗೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಹೊಸದು. ಸೊನ್ನೆ ಡಿಗ್ರಿಗೆ ತಂದು ಖಟ್ಟನೆ ಕೂರಿಸಿ, ಒಂದು ಪೈನ್ ಹಲಗೆ ಕೊಯ್ದೆ. ಮೂಲೆಮಟ್ಟ ಇಟ್ಟು ನೋಡಿದರೆ ಸರಿಯಾಗಿಯೇ ಕಂಡಿತು. ಆದರೆ ಮೂಲೆಮಟ್ಟದಲ್ಲಿ ಸಣ್ಣ ತಪ್ಪು ಕಾಣುವುದಿಲ್ಲ. ಅದಕ್ಕೆ ಮಗುಚಿ ನೋಡುವ ಪರೀಕ್ಷೆ ಮಾಡಿದೆ. 28 ಸೆಂಟಿಮೀಟರ್ ಅಗಲದ, ಎರಡೂ ಅಂಚು ಸಮಾಂತರ ಇರುವ ಹಲಗೆ ತಗೊಂಡು ನಡುವೆ ಕೊಯ್ದೆ. ಬಲಗಡೆ ತುಂಡನ್ನು ಬೆನ್ನು ಮೇಲಾಗುವಂತೆ ಮಗುಚಿದೆ. ಎರಡನ್ನೂ ಒಂದು ನೆಟ್ಟಗಿನ ಪಟ್ಟಿಗೆ ಆನಿಸಿ, ಕೊಯ್ದ ಅಂಚಿಗೆ ಅಂಚು ಕೂಡಿಸಿ ಬೆಳಕಿಗೆ ಹಿಡಿದೆ. ಒಂದು ತುದಿ ಮುಟ್ಟಿತ್ತು. ಇನ್ನೊಂದು ತುದಿಯಲ್ಲಿ 1 ಮಿಲಿಮೀಟರ್ ಬಿರುಕು.

ಮಗುಚಿದಾಗ ತಪ್ಪು ಇಮ್ಮಡಿಯಾಗಿ ಕಾಣುತ್ತದೆ. ಹಾಗಾಗಿ ನಿಜವಾದ ತಪ್ಪು 28 ಸೆಂಟಿಮೀಟರಿಗೆ ಅರ್ಧ ಮಿಲಿಮೀಟರ್. ಡಿಗ್ರಿ ಲೆಕ್ಕದಲ್ಲಿ ಸುಮಾರು 0.1. ಇಷ್ಟೇನಾ ಅನ್ನಿಸಬಹುದು. ಎಂಟು ಮೂಲೆಯ ಫ್ರೇಮ್ ಮಾಡಿ ನೋಡಿ. ಹದಿನಾರು ಕೊಯ್ತ. ಎಲ್ಲಾ ಒಂದೇ ಕಡೆಗೆ ತಪ್ಪಿದರೆ ಕೊನೆಯ ಕೂಡಿನಲ್ಲಿ 1.6 ಡಿಗ್ರಿ ಬಾಯಿ ಬಿಡುತ್ತದೆ. 6 ಸೆಂಟಿಮೀಟರ್ ಅಗಲದ ಪಟ್ಟಿಯಲ್ಲಿ ಅದು ಒಂದೂವರೆ ಮಿಲಿಮೀಟರಿಗೂ ಜಾಸ್ತಿ. ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ.

ಕಾರಣ ಹುಡುಕಿದೆ. ಹಲಗೆ ಆನಿಸುವ ಫೆನ್ಸ್ ಎರಡು ತುಂಡಿನದು. ಉದ್ದ ಪಟ್ಟಿ ಇಟ್ಟಾಗ ಬಲಗಡೆ ತುಂಡು ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಮುಂದೆ ಬಂದಿತ್ತು. ಬೋಲ್ಟ್ ಸಡಿಲಿಸಿ ಎರಡನ್ನೂ ಒಂದೇ ಗೆರೆಗೆ ತಂದೆ. ಆಮೇಲೆ ಅಂಕಿ ಪಟ್ಟಿಯ ಸ್ಕ್ರೂ ಸಡಿಲಿಸಿ ಸೊನ್ನೆ ಕೂರಿಸಿದೆ. ಹಾಗೇ ತಲೆ ನೆಟ್ಟಗೆ ನಿಲ್ಲುವ 90ರ ಸ್ಟಾಪ್ ಬೋಲ್ಟ್, 45ರ ಸ್ಟಾಪ್ ಬೋಲ್ಟ್. ಇಡೀ ಭಾನುವಾರ ಹೋಯಿತು. ಸಂಜೆ ಮತ್ತೆ ಮಗುಚಿ ನೋಡಿದಾಗ ಬೆಳಕು ತೂರಲಿಲ್ಲ. ಅವತ್ತಿನಿಂದ ಅದು ನನ್ನ ಸಾ.

ನಾನು ಹೇಳಬೇಕಾದದ್ದು ಇದೇ. ರೀಕಂಡೀಷನ್ ಮಾಡುವವರು ಓಡುವಂತೆ ಮಾಡುತ್ತಾರೆ. ನೆಟ್ಟಗೆ ಕೊಯ್ಯುವಂತೆ ಮಾಡುವುದು ಕೊಂಡವರ ಕೆಲಸ. ಆ ಒಂದು ದಿನ ಕೊಡಲು ಸಿದ್ಧ ಇದ್ದರೆ ಧೈರ್ಯವಾಗಿ ತಗೊಳ್ಳಿ. ಇಲ್ಲದಿದ್ದರೆ ಹೊಸದನ್ನೇ ತಗೊಳ್ಳಿ. ಆದರೆ ಹೊಸದಕ್ಕೂ ಈ ಪರೀಕ್ಷೆ ಮಾಡಿ, ದಯವಿಟ್ಟು.

ಹಲಸಿನ_ಹಲಗೆ

ಸರ್, ತುಂಬಾ ಥ್ಯಾಂಕ್ಸ್. ಹೋದ ವಾರ ಕೇಳಿದ್ದು ನಾನೇ. ನಿಜ ಹೇಳಬೇಕೆಂದರೆ ಕೇಳುವ ಹೊತ್ತಿಗೆ ಆಗಲೇ ಕೊಂಡಾಗಿತ್ತು. ಬೆಂಗಳೂರಿನಲ್ಲೇ ಒಂದು ಅಂಗಡಿಯಲ್ಲಿ "ರೀಕಂಡೀಷನ್ ಮೇಡಂ, ಹೊಸದರ ಹಾಗೇ" ಅಂದರು. ಪೇಂಟ್ ಹೊಸದು, ವೈರ್ ಹೊಸದು. 10 ಇಂಚಿನ ಸ್ಲೈಡಿಂಗ್. ಮಹಡಿಯ ಮೇಲೆ ಶೀಟ್ ಹಾಕಿಸಿ ಸಣ್ಣ ವರ್ಕ್‌ಶಾಪ್ ಮಾಡಿಕೊಂಡಿದ್ದೇನೆ. ಅಮ್ಮನ ಹಳೇ ದೇವರ ಪಟಗಳಿಗೆ ಹಲಸಿನ ಮರದ ಫ್ರೇಮ್ ಮಾಡುವ ಆಸೆ. ಅದರಲ್ಲಿ ಒಂದು ಎಂಟು ಮೂಲೆಯದು!

ಎರಡು ತೊಂದರೆ ಇದೆ. ಸ್ವಿಚ್ ಬಿಟ್ಟ ಮೇಲೆ ಬ್ಲೇಡ್ ತುಂಬಾ ಹೊತ್ತು ತಿರುಗುತ್ತಲೇ ಇರುತ್ತದೆ. ಅಂಗಡಿಯವರು ಬ್ರೇಕ್ ಇದೆ ಅಂದಿದ್ದರು. ಇನ್ನೊಂದು, ತಲೆಯನ್ನು ಪೂರ್ತಿ ಮುಂದಕ್ಕೆ ಎಳೆದು ಹಿಡಿಯನ್ನು ಪಕ್ಕಕ್ಕೆ ಅಲ್ಲಾಡಿಸಿದರೆ ಸ್ವಲ್ಪ ಲೂಸ್ ಅನ್ನಿಸುತ್ತದೆ. ಮೋಸ ಹೋದೆನಾ?

ವೈಂಡಿಂಗ್_ದಾವಣಗೆರೆ

ಮೇಡಂ, ಬ್ರೇಕ್ ವಿಷಯಕ್ಕೆ ಹೆದರಬೇಡಿ. ನನ್ನ ಕೆಲಸವೇ ಮೋಟರ್ ವೈಂಡಿಂಗ್, ಇಪ್ಪತ್ತು ವರ್ಷ ಆಯಿತು. ಈ ಯಂತ್ರಗಳಲ್ಲಿ ಬ್ರೇಕ್ ಅಂದರೆ ಬೇರೆ ಡ್ರಮ್ಮೋ ಪ್ಯಾಡೋ ಅಲ್ಲ. ಸ್ವಿಚ್ ಬಿಟ್ಟಾಗ ಮೋಟರ್ ತಾನೇ ಜನರೇಟರ್ ಆಗಿ, ಆ ಕರೆಂಟಿನಿಂದ ತನ್ನನ್ನೇ ತಡೆಯುತ್ತದೆ. ಅದಕ್ಕೆ ಕಾರ್ಬನ್ ಬ್ರಷ್ ಚೆನ್ನಾಗಿ ತಾಗಬೇಕು. ಬ್ರಷ್ ಸವೆದಿದ್ದರೆ ಮೋಟರ್ ಹೇಗೋ ಓಡುತ್ತದೆ, ಬ್ರೇಕ್ ಮಾತ್ರ ಮೊದಲು ಕೈ ಕೊಡುತ್ತದೆ. ಪ್ಲಗ್ ಕಿತ್ತು, ಮೋಟರಿನ ಎರಡೂ ಬದಿಯ ಮುಚ್ಚಳ ತೆಗೆದು ನೋಡಿ. ಬ್ರಷ್ 6 ಮಿಲಿಮೀಟರಿಗಿಂತ ಗಿಡ್ಡ ಆಗಿದ್ದರೆ ಜೋಡಿಯಾಗಿಯೇ ಬದಲಿಸಿ. ಒಂದನ್ನೇ ಬದಲಿಸಬೇಡಿ. ಹೊಸ ಬ್ರಷ್ ಹಾಕಿದ ಮೇಲೆ ಹತ್ತು ನಿಮಿಷ ಲೋಡ್ ಇಲ್ಲದೆ ಓಡಿಸಿ, ಕೂರಲಿ. ಎಲ್ಲಾ ಮಾದರಿಗೂ ಬ್ರೇಕ್ ಇರುವುದಿಲ್ಲ, ಮೊದಲು ನಿಮ್ಮದಕ್ಕೆ ಇದೆಯಾ ಅಂತ ಪುಸ್ತಕ ನೋಡಿಕೊಳ್ಳಿ.

ಆ ಮುಚ್ಚಳದ ಒಳಗೆ ಕಣ್ಣು ಹಾಯಿಸಿದರೆ ಬ್ರಷ್ ತಾಗುವ ತಾಮ್ರದ ಪಟ್ಟಿಗಳ ಉರುಳೆ, ಅಂದರೆ ಕಮ್ಯುಟೇಟರ್, ಕಾಣುತ್ತದೆ. ಒಂದೇ ಸಮ ಕಂದು ಬಣ್ಣ ಇದ್ದರೆ ಒಳ್ಳೆಯದು. ಕೆಲವು ಪಟ್ಟಿ ಮಾತ್ರ ಕಪ್ಪಗೆ ಸುಟ್ಟಿದ್ದರೆ ಆರ್ಮೇಚರ್ (ಮೋಟರಿನ ತಿರುಗುವ ಸುರುಳಿ) ಒಳಗೆ ಶಾರ್ಟ್ ಆಗಿದೆ ಇಲ್ಲವೇ ತಂತಿ ಕಡಿದಿದೆ ಅಂತ ಅರ್ಥ. ಓಡುವಾಗ ಬ್ರಷ್ ಹತ್ತಿರ ಸಣ್ಣ ಕಿಡಿ ಸಹಜ. ಸುತ್ತಲೂ ಬೆಂಕಿಯ ಬಳೆ ಹಾಗೆ ಕಂಡರೆ ಅಲ್ಲಿಗೇ ನಿಲ್ಲಿಸಿ.

ಊರಿನ ಅಂಗಡಿಗಳ ‘ರೀಕಂಡೀಷನ್’ ಬಗ್ಗೆ ಒಂದು ಮಾತು. ನಮ್ಮ ಕಸುಬಿನವರೇ ಮಾಡುವುದು, ಹಾಗಾಗಿ ನೇರವಾಗಿ ಹೇಳುತ್ತೇನೆ. ಪೇಂಟ್ ನೋಡಿ ಕೊಳ್ಳಬೇಡಿ. ಪ್ಲಗ್ ಕಿತ್ತು ಬ್ಲೇಡನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿ. ಗರಗರ ಅಂದರೆ ಬೇರಿಂಗ್ ಹೋಗಿದೆ. ಬೇರಿಂಗ್ ಅಗ್ಗ, ಅದಕ್ಕೆ ಚೌಕಾಸಿ ಮಾಡಿ ಕೊಳ್ಳಬಹುದು. ಆರ್ಮೇಚರ್ ಹೋಗಿದ್ದರೆ ಬಿಟ್ಟು ಬನ್ನಿ.

ಆಚಾರಿ_ಸಾಗರ

ಮೈಸೂರಿನ ಅಣ್ಣಾ, ನೀವು ಬರೆದದ್ದು ಸರಿ. ಆದರೆ ಒಂದು ವಿಷಯ ಒಪ್ಪುವುದಿಲ್ಲ. ಜಾರುವ ಸಾ ಎಲ್ಲರಿಗೂ ಬೇಕಾ? ಜಾರುವ ಭಾಗ ಇದ್ದಲ್ಲಿ ಸವೆತ ಇದ್ದೇ ಇರುತ್ತದೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಮೊದಲು ಸೋಲುವುದು ಅದೇ ರಾಡು, ಅದೇ ಬೇರಿಂಗ್. ಬೀಡಿಂಗ್, ಫ್ರೇಮ್, ರೀಪು ಕೊಯ್ಯುವವರಿಗೆ ಜಾರದ 10 ಇಂಚಿನದೇ ಗಟ್ಟಿ. ಫ್ರೇಮ್ ಮಾಡುವ ಅಕ್ಕನಿಗೆ ನಾನಾಗಿದ್ದರೆ ಅದನ್ನೇ ಹೇಳುತ್ತಿದ್ದೆ.

ನನಗೆ ಸ್ಲೈಡಿಂಗ್ ಬೇಕಾದದ್ದು ಹಂಚಿನ ಮನೆ ಕೆಲಸಕ್ಕೆ. ನಾಲ್ಕೂ ಕಡೆ ಇಳಿಜಾರಿನ ಮಾಡಿನಲ್ಲಿ ಮೂಲೆ ತೊಲೆಗೆ ಬಂದು ಸೇರುವ ಗಿಡ್ಡ ಪಕಾಸಿಗಳು ಇರುತ್ತವಲ್ಲ, ಒಂದೊಂದೂ ಒಂದೊಂದು ಉದ್ದ. ಅದರ ತುದಿಗೆ ಎರಡು ಓರೆ ಬೇಕು. ಪಕಾಸಿಯನ್ನು ಮಗ್ಗುಲಾಗಿ ಮಲಗಿಸಿ ಟೇಬಲ್ಲನ್ನು ಮಾಡಿನ ಇಳಿಜಾರಿನ ಡಿಗ್ರಿಗೆ ತಿರುಗಿಸುತ್ತೇನೆ, ತಲೆಯನ್ನು 45ಕ್ಕೆ ವಾಲಿಸುತ್ತೇನೆ. ಒಂದೇ ಕೊಯ್ತಕ್ಕೆ ಕೂರುತ್ತದೆ. ನಮ್ಮ ಅಪ್ಪ ಇದನ್ನೇ ಕೈಗರಗಸದಲ್ಲಿ ಗೆರೆ ಹಿಡಿದು ಕೊಯ್ಯುತ್ತಿದ್ದರು, ದಿನಕ್ಕೆ ಏಳೆಂಟು ಪಕಾಸಿ. ಅವರ ಕೊಯ್ತದ ಮೇಲೆ ಉಳಿ ಆಡಿಸಬೇಕಾಗುತ್ತಿರಲಿಲ್ಲ. ಈಗ ನಾನು ಒಂದು ಬೆಳಿಗ್ಗೆಯಲ್ಲಿ ಇಡೀ ಮಾಡಿನದು ಮುಗಿಸುತ್ತೇನೆ.

ಈಗ ಒಂದು ಏಟಿನ ಕಥೆ. ಕೇಳಿ ನೀವಾದರೂ ಹುಷಾರಾಗಿರಿ. ಎರಡು ವರ್ಷದ ಹಿಂದೆ ಹೊನ್ನೆ ಹಲಗೆ, ಬಿಸಿಲಿಗೆ ಬಿಲ್ಲಿನ ಹಾಗೆ ಬಾಗಿತ್ತು. ಒಳ ಬಾಗಿದ ಮೈಯನ್ನು ಫೆನ್ಸಿಗೆ ಕೊಟ್ಟು, ಕ್ಲಾಂಪ್ ಹಾಕದೆ ಎಡಗೈಯಲ್ಲಿ ಒತ್ತಿ ಹಿಡಿದೆ. ಎರಡು ತುದಿ ಮಾತ್ರ ತಾಗಿತ್ತು, ನಡುವೆ ಟೊಳ್ಳು. ಕೊಯ್ತ ಮುಗಿಯುವ ಹೊತ್ತಿಗೆ ಎರಡೂ ತುಂಡು ಒಳಕ್ಕೆ ಕುಸಿದು ಬ್ಲೇಡನ್ನು ಹಿಡಿದುಬಿಟ್ಟವು. ಢಂ ಅಂತ ಸದ್ದು. ತಲೆ ಮೇಲಕ್ಕೆ ಚಿಮ್ಮಿತು, ತುಂಡು ನನ್ನ ಮೊಣಕೈಗೆ ಬಡಿಯಿತು. ಮೂರು ವಾರ ಉಳಿ ಹಿಡಿಯಲು ಆಗಲಿಲ್ಲ. ಬಾಗಿದ ಹಲಗೆ ಆದರೆ ಉಬ್ಬಿದ ಮೈ ಫೆನ್ಸಿಗೆ ಬರಬೇಕು, ಕೊಯ್ಯುವ ಗೆರೆಯ ಹತ್ತಿರ ಸಂದು ಇರಬಾರದು, ಕ್ಲಾಂಪ್ ಹಾಕಲೇಬೇಕು.

ಇನ್ನೊಂದು, ಎಳೆದು ಕೊಯ್ಯಬೇಡಿ. ತಲೆಯನ್ನು ಮೊದಲು ಮುಂದಕ್ಕೆ ಎಳೆದು, ಆಮೇಲೆ ಸ್ವಿಚ್ ಒತ್ತಿ, ಪೂರ್ತಿ ವೇಗ ಬಂದ ಮೇಲೆ ಕೆಳಗಿಳಿಸಿ, ಹಿಂದಕ್ಕೆ ತಳ್ಳುತ್ತಾ ಕೊಯ್ಯಿರಿ. ಎಳೆದರೆ ಬ್ಲೇಡ್ ಮರದ ಮೇಲೆ ಹತ್ತಿ ನಿಮ್ಮ ಕಡೆಗೇ ಓಡಿಬರುತ್ತದೆ. ಮುಗಿದ ಮೇಲೆ ಬ್ಲೇಡ್ ನಿಂತ ನಂತರವೇ ತಲೆ ಎತ್ತಿ. ಕೈಗವಸು ಬೇಡ, ಕೈ ಅಡ್ಡ ಹಾಕಬೇಡಿ, ಬ್ಲೇಡಿಗೂ ಬೆರಳಿಗೂ ಒಂದು ಗೇಣು ದೂರ ಇರಲಿ.

ಮೈಸೂರು_ಮರಗೆಲಸ

ಆಚಾರ್ರೇ, ನಿಮ್ಮ ಮಾತು ತಲೆಬಾಗಿ ಒಪ್ಪುತ್ತೇನೆ. ಫ್ರೇಮಿಗೆ ಸ್ಲೈಡಿಂಗ್ ಬೇಕಾಗಿಲ್ಲ. ಆದರೆ ಅವರು ಕೊಂಡಾಗಿದೆಯಲ್ಲ, ಇದ್ದದ್ದನ್ನು ಸರಿ ಮಾಡಿಕೊಳ್ಳೋಣ. ಕೈ ಈಗ ಹೇಗಿದೆ?

ಹಲಸಿನ_ಹಲಗೆ ಅವರೇ, ಆ ಲೂಸ್ ಬಗ್ಗೆ. ಮೊದಲು ಟೇಬಲ್ ಲಾಕ್, ತಲೆ ವಾಲಿಸುವ ಲಾಕ್ ಎರಡನ್ನೂ ಬಿಗಿ ಮಾಡಿ. ತುಂಬಾ ಸಲ ಅಲ್ಲಾಡುವುದು ಅವೇ, ರಾಡ್ ಅಲ್ಲ. ಆಮೇಲೂ ಅಲ್ಲಾಡಿದರೆ ರಾಡ್ ಹಿಡಿದಿರುವ ಜಾಗದಲ್ಲಿ ಸಣ್ಣ ಸ್ಕ್ರೂ ಇದೆಯಾ ನೋಡಿ. ತುಂಬಾ ಮಾದರಿಗಳಲ್ಲಿ ಅದನ್ನು ಕಾಲು ಸುತ್ತು ಬಿಗಿ ಮಾಡಿದರೆ ಸಾಕು. ಜಾಸ್ತಿ ಬಿಗಿದರೆ ಜಾರುವುದು ಗಡುಸಾಗುತ್ತದೆ, ಆಗ ನಾವೇ ತಳ್ಳುವ ಭರದಲ್ಲಿ ತಲೆಯನ್ನು ಓರೆ ಮಾಡುತ್ತೇವೆ. ಫ್ರೇಮ್ ಪಟ್ಟಿ ಕೊಯ್ಯುವಾಗ ತಲೆಯನ್ನು ಹಿಂದಕ್ಕೆ ತಳ್ಳಿ, ಸ್ಲೈಡ್ ಲಾಕ್ ಮಾಡಿ, ಬರೀ ಕೆಳಗಿಳಿಸಿ ಕೊಯ್ಯಿರಿ. ಆಗ ಅದು ಆಚಾರ್ರು ಹೇಳಿದ ಜಾರದ ಸಾ ಆಗುತ್ತದೆ.

ರಾಡಿಗೆ ಎಣ್ಣೆ ಹಚ್ಚಬೇಡಿ. ಮರದ ಪುಡಿ ಅಂಟಿ ಕೆಸರಾಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಪೇಸ್ಟ್ ವ್ಯಾಕ್ಸ್ ತೆಳುವಾಗಿ ಹಚ್ಚಿ ಉಜ್ಜಿ. ಮಳೆಗಾಲದಲ್ಲಿ ನಾನು ಹದಿನೈದು ದಿನಕ್ಕೊಮ್ಮೆ ಮಾಡುತ್ತೇನೆ. ನಿಮ್ಮ ಸಾಗರ ಊರಿನ ಕಡೆ ವಾರಕ್ಕೊಮ್ಮೆ ಬೇಕಾಗಬಹುದು, ಅಲ್ವಾ ಆಚಾರ್ರೇ?

ಬ್ಲೇಡ್ ಬಗ್ಗೆ ಜಿಪುಣತನ ಬೇಡ. ಅಂಗಡಿಯವರು ಹಾಕಿಕೊಡುವ ಬ್ಲೇಡ್ ಸಾಮಾನ್ಯವಾಗಿ ಕಡಿಮೆ ಹಲ್ಲಿನದು, ಮೊಂಡಾಗಿರುತ್ತದೆ. ಫ್ರೇಮಿಗೆ 10 ಇಂಚಿನಲ್ಲಿ 60 ಅಥವಾ 80 ಹಲ್ಲಿನ ಬ್ಲೇಡ್ ಹಾಕಿ. ಹಲ್ಲು ಮುಂದಕ್ಕೆ ಬಾಗಿರುವ, ಉದ್ದ ಸೀಳುವ ಬ್ಲೇಡ್ ಇದಕ್ಕೆ ಹಾಕಲೇಬೇಡಿ, ಅದು ಮರವನ್ನು ಕಚ್ಚಿ ಎಳೆಯುತ್ತದೆ. ಬಿಚ್ಚುವಾಗ ನೆನಪಿರಲಿ, ಬ್ಲೇಡಿನ ಬೋಲ್ಟ್ ಬಹುತೇಕ ಮೈಟರ್ ಸಾಗಳಲ್ಲಿ ಉಲ್ಟಾ ಥ್ರೆಡ್ಡಿನದು. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲ ಆಗುತ್ತದೆ.

ಡಲ್ಲಾಸ್_ಕನ್ನಡಿಗ

ನಮಸ್ಕಾರ. ಮುಂದಿನ ವರ್ಷ ನಾವೂ ಬೆಂಗಳೂರಿಗೆ ವಾಪಸ್. ಇಲ್ಲಿ ಗ್ಯಾರೇಜಿನಲ್ಲಿ ರೀಕಂಡೀಷನ್ 12 ಇಂಚಿನದು ಇಟ್ಟುಕೊಂಡಿದ್ದೇನೆ. ತರುವುದು ಲಾಭವಾ? ವೋಲ್ಟೇಜ್ ಹೇಗೆ ಮಾಡಿದಿರಿ?

ಅಮೆರಿಕದಲ್ಲಿ ಇರುವವರಿಗೆ ಒಂದು ಎಚ್ಚರಿಕೆ. 2022ರಲ್ಲಿ ಡಿವಾಲ್ಟ್ ಕಂಪನಿ ಡಿಡಬ್ಲ್ಯುಎಸ್779, ಡಿಡಬ್ಲ್ಯುಎಸ್780, ಡಿಎಚ್‌ಎಸ್790 ಮಾದರಿಯ ಸಾಗಳನ್ನು ರೀಕಾಲ್ ಮಾಡಿತ್ತು, ಅಂದರೆ ದೋಷ ಇದೆ ಅಂತ ವಾಪಸ್ ಕರೆಸಿತ್ತು. ಅಮೆರಿಕದಲ್ಲೇ ಸುಮಾರು 14 ಲಕ್ಷ ಯಂತ್ರ. ಬ್ಲೇಡಿನ ಹಿಂದಿನ ಗಾರ್ಡ್ ಮುರಿದು ಕಳಚಬಹುದು ಅಂತ. ಎಲ್ಲವೂ ಅಲ್ಲ, ತಯಾರಾದ ದಿನಾಂಕದ ಕೋಡ್ ನೋಡಿ ಗೊತ್ತು ಮಾಡಿಕೊಳ್ಳಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಮೊದಲು ನೋಡಿ. ಹಳೇ ಮಾಲೀಕರಿಗೆ ಬಂದ ನೋಟಿಸ್ ನಮ್ಮ ಕೈಗೆ ಬರುವುದಿಲ್ಲ.

ಮೈಸೂರು_ಮರಗೆಲಸ

ಇದು ಬಹಳ ಮುಖ್ಯವಾದ ಮಾತು, ಬರೆದದ್ದು ಒಳ್ಳೆಯದಾಯಿತು.

ತರುವ ಬಗ್ಗೆ. ವಿಮಾನದಲ್ಲಿ ಸುಲಭ ಅಲ್ಲ. ಡಿಡಬ್ಲ್ಯುಎಸ್780 ಒಂದೇ 25 ಕೆಜಿ ಮೇಲಿದೆ, ಒಂದು ಬ್ಯಾಗಿಗೆ ಸಾಮಾನ್ಯವಾಗಿ ಬಿಡುವುದು 23. ಹಡಗಿನಲ್ಲಿ ಹೇಗೂ ಮನೆ ಸಾಮಾನು ಬರುತ್ತಿದ್ದರೆ ಮಾತ್ರ ಹಾಕಿ. ಬರೀ ಸಾಗೋಸ್ಕರ ಖರ್ಚು ಮಾಡಬೇಡಿ. ಇಲ್ಲಿಯೂ ಬಾಷ್, ಮಕಿತಾದವರ ಒಳ್ಳೆಯ ಸ್ಲೈಡಿಂಗ್ ಸಾಗಳು 230 ವೋಲ್ಟಿನವೇ ಸಿಗುತ್ತವೆ.

ವೋಲ್ಟೇಜ್: ಅಲ್ಲಿನದು 120 ವೋಲ್ಟ್, 60 ಹರ್ಟ್ಜ್. ಇಲ್ಲಿ 230, 50. ಬ್ರಷ್ ಇರುವ ಮೋಟರಿಗೆ ಹರ್ಟ್ಜ್ ಲೆಕ್ಕಕ್ಕಿಲ್ಲ, ವೋಲ್ಟ್ ಮಾತ್ರ ಇಳಿಸಬೇಕು. ಸಾ 15 ಆಂಪಿಯರ್ ಅಂದರೆ 1800 ವ್ಯಾಟ್. ಶುರುವಾಗುವಾಗ ಇನ್ನೂ ಜಾಸ್ತಿ ಎಳೆಯುತ್ತದೆ. ನಾನು 3 ಕೆವಿಎ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಮಾಡಿಸಿದೆ. ಗೀಸರ್ ಹಾಕುವ ದೊಡ್ಡ ಸಾಕೆಟ್, ಸರಿಯಾದ ಅರ್ಥಿಂಗ್. ಪ್ರಯಾಣದಲ್ಲಿ ಬಳಸುವ ಅಂಗೈಯಗಲದ ಕನ್ವರ್ಟರ್ ಹಾಕಿದರೆ ಸುಟ್ಟೇ ಹೋಗುತ್ತದೆ. ನಿಮ್ಮ ಗ್ಯಾರೇಜಿನಲ್ಲಿ ಬ್ರಷ್ ಇಲ್ಲದ ಇಂಡಕ್ಷನ್ ಮೋಟರಿನ ದೊಡ್ಡ ಟೇಬಲ್ ಸಾ ಇದ್ದರೆ ಅದನ್ನು ಅಲ್ಲೇ ಮಾರಿಬಿಡಿ. 50 ಹರ್ಟ್ಜ್‌ನಲ್ಲಿ ಅದರ ವೇಗ ಆರರಲ್ಲಿ ಒಂದು ಪಾಲು ಇಳಿಯುತ್ತದೆ.

ಬ್ಲೇಡಿನ ರಂಧ್ರ ಮತ್ತೊಂದು ತಲೆನೋವು. ಅಮೆರಿಕದ 12 ಇಂಚಿನ ಸಾಗೆ 1 ಇಂಚಿನ ರಂಧ್ರ, ಅಂದರೆ 25.4 ಮಿಲಿಮೀಟರ್. ಇಲ್ಲಿ ಸಿಗುವ 305 ಮಿಲಿಮೀಟರಿನ ಬ್ಲೇಡ್ ಎಷ್ಟೋ 30ರದು. ನಡುವೆ ಹಾಕುವ ಸರಿಯಾದ ಅಳತೆಯ ಬುಷ್ ಸಿಕ್ಕರೆ ಸರಿ, ಇಲ್ಲದಿದ್ದರೆ ಬ್ಲೇಡ್ ನಡುಗುತ್ತದೆ. ಬರುವಾಗ ಮೂರು ಬ್ಲೇಡ್, ಎರಡು ಜೋಡಿ ಬ್ರಷ್ ತನ್ನಿ.

ಆಚಾರಿ_ಸಾಗರ

ಕೈ ಸರಿಯಾಗಿದೆ ಅಣ್ಣಾ, ಚಳಿಗೆ ಸ್ವಲ್ಪ ಹಿಡಿಯುತ್ತದೆ ಅಷ್ಟೆ. ವ್ಯಾಕ್ಸ್ ವಾರಕ್ಕೊಮ್ಮೆ ಬೇಕೇ ಬೇಕು.

ಕರೆಂಟಿನ ಮಾತು ಬಂತಲ್ಲ, ಹಳ್ಳಿಯಲ್ಲಿ ಸಂಜೆ ವೋಲ್ಟೇಜ್ ಬಿದ್ದಾಗ ದಪ್ಪ ಮರ ಕೊಯ್ಯಬೇಡಿ. ವೇಗ ಇಳಿದು ಮೋಟರ್ ಬಿಸಿ ಆಗುತ್ತದೆ. ತೆಳು ವೈರಿನ ಉದ್ದ ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿದರೂ ಅದೇ ಕಥೆ.

ಧೂಳಿನ ಬಗ್ಗೆ ಯಾರೂ ಬರೆದಿಲ್ಲ. ಮೈಟರ್ ಸಾಗೆ ಕಟ್ಟುವ ಆ ಸಣ್ಣ ಚೀಲ ಅರ್ಧವನ್ನೂ ಹಿಡಿಯುವುದಿಲ್ಲ. ಬೀಟೆ, ಸಾಗುವಾನಿ ಪುಡಿಗೆ ನಮ್ಮಲ್ಲಿ ಎಷ್ಟೋ ಜನರಿಗೆ ಮೈ ತುರಿಕೆ, ಕೆಮ್ಮು. ನಮ್ಮ ಅಪ್ಪನ ಕೊನೆಯ ವರ್ಷಗಳು ಉಬ್ಬಸದಲ್ಲೇ ಹೋದವು. ಮಾಸ್ಕ್ ಹಾಕಿ, ದಯವಿಟ್ಟು.

ಮೈಸೂರು_ಮರಗೆಲಸ

ಖಂಡಿತ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಎನ್95 ಮಾಸ್ಕ್, ಕಿವಿಗೆ ಮಫ್, ಕಣ್ಣಿಗೆ ಕನ್ನಡಕ. ನಾನು ಸಾ ಯಂತ್ರದ ಹಿಂದೆ ಹಳೇ ಟಾರ್ಪಾಲಿನಿಂದ ಗೂಡಿನ ಹಾಗೆ ಮಾಡಿ, ಕೆಳಗೆ ವ್ಯಾಕ್ಯೂಮ್ ಪೈಪ್ ಇಟ್ಟಿದ್ದೇನೆ. ಹಾರುವುದು ತುಂಬಾ ಕಡಿಮೆ ಆಗಿದೆ.

ಹಲಸಿನ_ಹಲಗೆ

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ಬ್ರಷ್ ಬಿಚ್ಚಿದೆ. ಒಂದು 5 ಮಿಲಿಮೀಟರ್, ಇನ್ನೊಂದು 4. ಹೊಸ ಜೋಡಿ ಹಾಕಿದ ಮೇಲೆ ಬ್ರೇಕ್ ಬಂತು. ಸ್ವಿಚ್ ಬಿಟ್ಟು ಎರಡು ಎಣಿಸುವಷ್ಟರಲ್ಲಿ ನಿಲ್ಲುತ್ತದೆ. ಲೂಸ್ ಇದ್ದದ್ದು ತಲೆ ವಾಲಿಸುವ ಲಾಕಿನಲ್ಲೇ. ಮಗುಚುವ ಪರೀಕ್ಷೆ ನಾಲ್ಕನೇ ಸಲಕ್ಕೆ ಪಾಸಾಯಿತು.

ನಿನ್ನೆ ಎಂಟು ಮೂಲೆಯ ಫ್ರೇಮ್ ಕೊಯ್ದೆ, 22.5 ಡಿಗ್ರಿಯಲ್ಲಿ. ಅಂಟು ಹಾಕದೆ ಜೋಡಿಸಿ ನೋಡಿದರೆ ಏಳು ಕೂಡು ಕೂದಲೂ ತೂರದ ಹಾಗೆ ಕೂತಿವೆ. ಎಂಟನೆಯದರಲ್ಲಿ ಪೇಪರ್ ದಪ್ಪದ ಸಂದು. ಮತ್ತೆ ಎಲ್ಲಾ ಕೊಯ್ಯಬೇಕಾ?

ಮೈಸೂರು_ಮರಗೆಲಸ

ಬೇಡ ಬೇಡ! ಪೇಪರ್ ದಪ್ಪ ಅಂದರೆ ಬಹಳ ಚೆನ್ನಾಗಿ ಬಂದಿದೆ. ಕೊನೆಯ ತುಂಡನ್ನು ಮಾತ್ರ ತಿದ್ದಲು ಹೋಗಬೇಡಿ, ಅಳತೆ ಕೆಡುತ್ತದೆ. ನಾಲ್ಕು ನಾಲ್ಕು ತುಂಡಿನ ಎರಡು ಅರ್ಧ ಮಾಡಿ ಅಂಟು ಹಾಕಿ. ಒಣಗಿದ ಮೇಲೆ ಒಂದೊಂದು ಅರ್ಧದ ಎರಡೂ ತುದಿ ಒಂದೇ ಗೆರೆಯಲ್ಲಿ ಇರಬೇಕು. ಚಪ್ಪಟೆ ಗಾಜಿನ ಮೇಲೆ 120ರ ಉಪ್ಪುಕಾಗದ ಅಂಟಿಸಿ, ಎರಡೂ ತುದಿಯನ್ನು ಒಟ್ಟಿಗೆ ಅದರ ಮೇಲೆ ಉಜ್ಜಿ. ಉಳಿದ ತಪ್ಪೆಲ್ಲಾ ಅಲ್ಲೇ ಹೋಗುತ್ತದೆ. ಆಮೇಲೆ ಎರಡು ಅರ್ಧ ಕೂಡಿಸಿ, ಸುತ್ತ ಸೈಕಲ್ ಟ್ಯೂಬ್ ಬಿಗಿದು ರಾತ್ರಿ ಬಿಡಿ. ಪಟ ಕೂರಿಸಿದ ಮೇಲೆ ಒಂದು ಫೋಟೋ ಹಾಕಿ, ಅಮ್ಮನಿಗೂ ತೋರಿಸಿ.